ಮಗಳನ್ನು ಡಬ್ಲಿನ್‌ಗೆ ಕಳುಹಿಸುವ ಮುನ್ನ: ಹೊರದೇಶದಲ್ಲಿ ನಿಮಗೆ ಭಯವಾಗುವುದಿಲ್ಲವೇ?

ಬದಿಯಡ್ಕದ ತಾಯಿ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. ಮಗಳು ದೇರಳಕಟ್ಟೆಯಲ್ಲಿ ನರ್ಸಿಂಗ್ ಓದಿ ಈಗ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಐರ್ಲೆಂಡಿನ ಡಬ್ಲಿನ್‌ನಿಂದ ಕೆಲಸಕ್ಕೆ ಕರೆ ಬಂದಿದೆ. ಸಂಬಳ, ರಜೆ, ಪರ್ಮಿಟ್ ಎಲ್ಲವನ್ನೂ ಅವಳೇ ವಿಚಾರಿಸಿಕೊಂಡಿದ್ದಾಳೆ, ಅದರಲ್ಲಿ ನಾನು ಹೇಳುವುದಕ್ಕೇನೂ ಇಲ್ಲ. ನನ್ನ ನಿದ್ದೆ ಕೆಡಿಸಿರುವುದು ಬೇರೆ ಸಂಗತಿ. 2025ರ ಜುಲೈಯಲ್ಲಿ ಡಬ್ಲಿನ್‌ನ ಟಾಲಾ ಎಂಬಲ್ಲಿ ಒಬ್ಬ ಭಾರತೀಯನನ್ನು ಗುಂಪೊಂದು ಥಳಿಸಿತು. ಅದರ ಬೆನ್ನಿಗೇ ವಾಟರ್‌ಫರ್ಡ್‌ನಲ್ಲಿ ಮಲಯಾಳಿ ಕುಟುಂಬವೊಂದರ ಪುಟ್ಟ ಮಗುವಿನ ಮೇಲೆ ಹುಡುಗರು ಕೈಮಾಡಿದ ಸುದ್ದಿ ಬಂತು. ಅದಕ್ಕೂ ಮೊದಲೇ, ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿಯೇ ಅಲ್ಲಿನ ಭಾರತೀಯರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಎಂದು ಸೂಚನೆ ಹೊರಡಿಸಿತು. ರಾತ್ರಿ ಪಾಳಿಯ ನರ್ಸ್ ಹೊತ್ತಲ್ಲದ ಹೊತ್ತಿನಲ್ಲಿ ಹೊರಡದೆ ಇನ್ನೇನು ಮಾಡಬೇಕು?

ಇವಳ ಅಪ್ಪ ಶಾರ್ಜಾದಲ್ಲಿ ಬಹಳ ಕಾಲ ದುಡಿದು ಬಂದವರು. ಗಲ್ಫ್ ಆದರೆ ಕಣ್ಣು ಮುಚ್ಚಿ ಒಪ್ಪುತ್ತಿದ್ದೆ, ಐರ್ಲೆಂಡ್ ಬೇಡ ಎನ್ನುತ್ತಾರೆ. ನೀವು ಶುಕ್ರವಾರ ಬಿಟ್ಟರೆ ಕಾರ್ಮಿಕರ ಕ್ಯಾಂಪಿನಿಂದ ಹೊರಗೇ ಬಂದಿಲ್ಲವಲ್ಲ ಅಪ್ಪ, ನಿಮಗೆ ಊರು ಹೇಗಿತ್ತೆಂದು ಹೇಗೆ ಗೊತ್ತು ಎಂದು ಮಗಳು ಕೇಳುತ್ತಾಳೆ. ಪತ್ರಿಕೆಯಲ್ಲಿ ಬಂದದ್ದನ್ನು ನಾನೂ ಓದಿದ್ದೇನೆ. ಅಲ್ಲಿ ಬದುಕುತ್ತಿರುವವರು ಹೇಳಿ. ರಾತ್ರಿ ಬಸ್ಸಿಳಿದು ಮನೆಗೆ ನಡೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ?


ಉಪ್ಪಳದವನು, ಅಜ್ಮಾನ್

ಅಕ್ಕ, ನಿಮ್ಮ ಯಜಮಾನರ ಮಾತೇ ಸರಿ. ಇಲ್ಲಿ ರಾತ್ರಿ ಒಂದು ಗಂಟೆಗೆ ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಕೆಳಗಿನ ಔಷಧದ ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಕಾರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು ನಮಾಜಿಗೆ ಹೋಗುತ್ತೇನೆ. ಚಿನ್ನ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವ ಹೆಂಗಸರನ್ನು ನೋಡಬೇಕಾದರೆ ಇಲ್ಲಿಗೆ ಬನ್ನಿ. ಎಲ್ಲೆಂದರಲ್ಲಿ ಕ್ಯಾಮರಾ ಇದೆ, ಕದ್ದವನು ವಿಮಾನ ಹತ್ತುವುದರೊಳಗೆ ಸಿಕ್ಕಿಬೀಳುತ್ತಾನೆ. ಯೂರೋಪಿನವರು ಮಾನವ ಹಕ್ಕು ಎಂದು ಭಾಷಣ ಮಾಡುತ್ತಾರೆ, ಲಂಡನ್ನಿನಲ್ಲಿ ಕೈಯಲ್ಲಿದ್ದ ಫೋನನ್ನೇ ಬೈಕಿನಲ್ಲಿ ಬಂದು ಕಸಿದುಕೊಂಡು ಹೋಗುತ್ತಾರೆ.


ಪೆರ್ಲದ ಕೃಷಿಕ

ದೂರದ ದೇಶಕ್ಕೆ ಹೋಗಿ ಹೊಡೆಸಿಕೊಳ್ಳುವ ಹಣೆಬರಹ ಯಾಕೆ? ನಮ್ಮ ಊರಿನಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲ. ನಮ್ಮ ಮನೆಗೆ ಹಗಲು ಬೀಗವೇ ಇಲ್ಲ.


ಎಣ್ಮಕಜೆ ಹುಡುಗ

ಪೆರ್ಲದವರೇ ಹೀಗೆ ಹೇಳಿದರೆ ಹೇಗೆ ಮಾವ? ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನಮ್ಮ ಪಂಚಾಯತಿನ ಗೇರುತೋಟಗಳ ಮೇಲೆಯೇ ಅಲ್ಲವೇ. ಬೀಗ ಹಾಕದ ಮನೆಗಳ ಒಳಗೇ ಅದು ಬಂತು. ಕಳ್ಳ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಊರು ಸುರಕ್ಷಿತ ಎನ್ನಲು ನನಗೆ ನಾಲಗೆ ಬರುವುದಿಲ್ಲ. ಇನ್ನು ತೋಟದ ಕಥೆ: ಕೊಳೆರೋಗ, ಹಳದಿ ಎಲೆ, ಕಾಡುಹಂದಿ. ಹೋಗಲಿ ಬಿಡಿ, ಅದು ಬೇರೆ ಚರ್ಚೆ.


ಮುಳ್ಳೇರಿಯದ ಮೇಷ್ಟರು

ಸ್ವಲ್ಪ ನಿಧಾನವಾಗಿ ಯೋಚಿಸೋಣ. ಭಯ ಬೇರೆ, ಅಪಾಯ ಬೇರೆ. ಎರಡನ್ನೂ ಅಳೆಯುವ ಕೋಲುಗಳೂ ಬೇರೆ ಬೇರೆ.

ವಾಟ್ಸಾಪಿನಲ್ಲಿ ಪ್ರತಿ ವರ್ಷ ಓಡಾಡುವ ‘ಜಗತ್ತಿನ ಅತ್ಯಂತ ಸುರಕ್ಷಿತ ನಗರ ಅಬುಧಾಬಿ’ ಎಂಬ ಪಟ್ಟಿ ನಂಬಿಯೋ ಎಂಬ ಜಾಲತಾಣದ್ದು. ಅದು ಪೊಲೀಸ್ ದಾಖಲೆಯಲ್ಲ. ತಾಣಕ್ಕೆ ಬಂದವರು ತಮಗೆ ಅನಿಸಿದ್ದನ್ನು ತುಂಬುತ್ತಾರೆ, ಅದರ ಸರಾಸರಿಯೇ ಪಟ್ಟಿ. ಗ್ಯಾಲಪ್ ಸಂಸ್ಥೆಯದು ಇದಕ್ಕಿಂತ ಗಟ್ಟಿ ಕೆಲಸ. ನೀವು ವಾಸಿಸುವ ಪ್ರದೇಶದಲ್ಲಿ ರಾತ್ರಿ ಒಬ್ಬರೇ ನಡೆಯುವಾಗ ಸುರಕ್ಷಿತ ಎನಿಸುತ್ತದೆಯೇ ಎಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೇಳುತ್ತಾರೆ. ಸಿಂಗಾಪುರ ವರ್ಷ ವರ್ಷವೂ ಮುಂದಿನ ಸಾಲಿನಲ್ಲಿರುತ್ತದೆ, ಗಲ್ಫ್ ದೇಶಗಳೂ ಮೇಲಿರುತ್ತವೆ. ಆದರೆ ಅಲ್ಲಿ ಪ್ರಶ್ನೆ ಕೇಳುವುದು ಅರೇಬಿಕ್, ಇಂಗ್ಲಿಷಿನಂಥ ಕೆಲವೇ ಭಾಷೆಗಳಲ್ಲಿ. ಕ್ಯಾಂಪಿನಲ್ಲಿ ಮಲಗಿರುವ ನಮ್ಮ ಕುಂಬ್ಡಾಜೆಯವನನ್ನು ಯಾರೂ ಕನ್ನಡದಲ್ಲೋ ತುಳುವಿನಲ್ಲೋ ಕೇಳಿಲ್ಲ.

ಪೊಲೀಸ್ ಲೆಕ್ಕಕ್ಕೂ ಒಂದು ವಕ್ರ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಕೇರಳದ ಪ್ರಕರಣಗಳು ಬಹಳ ಹೆಚ್ಚು. ಉತ್ತರದ ರಾಜ್ಯಗಳಿಗಿಂತ ನಾವು ಹೆಚ್ಚು ದುಷ್ಟರೇ? ಅಲ್ಲ, ಇಲ್ಲಿ ಜನ ಠಾಣೆಗೆ ಹೋಗುತ್ತಾರೆ, ಠಾಣೆಯವರು ಬರೆದುಕೊಳ್ಳುತ್ತಾರೆ. ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ 1982ರಿಂದಲೂ, ಅಮೆರಿಕದಲ್ಲಿ 1973ರಿಂದಲೂ ಮನೆ ಮನೆಗೆ ಹೋಗಿ, ದೂರು ಕೊಟ್ಟಿರಲಿ ಬಿಟ್ಟಿರಲಿ, ಕಳೆದ ತಿಂಗಳುಗಳಲ್ಲಿ ನಿಮಗೇನಾಯಿತು ಎಂದು ಕೇಳುವ ಸಮೀಕ್ಷೆ ನಡೆಸುತ್ತಾರೆ. ಆದ್ದರಿಂದ ಒಂದು ದೇಶದಲ್ಲಿ ಪ್ರಕರಣ ಕಡಿಮೆ ಎಂದು ಕೇಳಿದ ಕೂಡಲೇ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಅಲ್ಲಿ ವಲಸೆಗಾರನು ದೂರು ಕೊಟ್ಟರೆ ಅವನಿಗೇನು ನಷ್ಟ?


ನೀರ್ಚಾಲಿನವ, ದುಬೈ

ಮೇಷ್ಟರ ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ನನ್ನ ಕೆಲಸ ದೇರಾದ ಟೈಪಿಂಗ್ ಸೆಂಟರ್ ಒಂದರಲ್ಲಿ. ವೀಸಾ, ಕಾರ್ಮಿಕ ದೂರು, ಕೋರ್ಟಿನ ಅರ್ಜಿ, ಎಲ್ಲವೂ ನಮ್ಮ ಮೇಜಿನ ಮೇಲೆಯೇ ಹಾದುಹೋಗುತ್ತವೆ.

ಉಪ್ಪಳದವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೀದಿಯಲ್ಲಿ ಕಳ್ಳನ ಭಯ ನನಗೂ ಇಲ್ಲ. ನನಗಿರುವುದು ನಾನೇ ಆರೋಪಿಯಾಗುವ ಭಯ. ಇಲ್ಲಿ ಬಂದ ಮೇಲೆ ನಮ್ಮವರ ಪಾಲಿಗೆ ‘ಕೇಸು’ ಎಂದರೆ ಬೇರೆಯವರು ನಮಗೆ ಮಾಡಿದ ಅನ್ಯಾಯ ಅಲ್ಲ, ನಮ್ಮ ಮೇಲೆ ಬಿದ್ದದ್ದು.

ಊರಿನಿಂದ ಹೊರಡುವಾಗ ಯಾರೋ ಒಂದು ಪೊಟ್ಟಣ ಕೊಡುತ್ತಾರೆ. ಅತ್ತೆಯ ಮಗನಿಗೆ ಉಪ್ಪಿನಕಾಯಿ, ಹಲಸಿನ ಹಪ್ಪಳ ಎನ್ನುತ್ತಾರೆ. ಅದರೊಳಗೆ ಗಾಂಜಾ ಇಟ್ಟು ಕಳುಹಿಸಿ, ಏನೂ ತಿಳಿಯದ ಹುಡುಗ ಜೈಲು ಸೇರಿದ ಪ್ರಕರಣಗಳು ಕೇರಳದಲ್ಲಿ ಯಾರಿಗೂ ಹೊಸತಲ್ಲ. ಅಷ್ಟು ದೂರ ಹೋಗುವುದೂ ಬೇಡ. ಕುರ್ಮಾಕ್ಕೆ ಹಾಕುವ ಗಸಗಸೆ ಇಲ್ಲಿ ನಿಷಿದ್ಧ. ಅಜ್ಜನ ಎಲೆಅಡಕೆ ಚೀಲದಲ್ಲಿನ ವೀಳ್ಯದೆಲೆಯೂ ನಿಷಿದ್ಧ ಪಟ್ಟಿಯಲ್ಲಿದೆ. ಊರಿನ ವೈದ್ಯರು ಬೆನ್ನುನೋವಿಗೆ ಬರೆದ ಟ್ರಾಮಡಾಲ್, ಕೆಮ್ಮಿಗೆ ಬರೆದ ಕೊಡೀನ್ ಇರುವ ಔಷಧ, ಇವಕ್ಕೆಲ್ಲ ಇಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು. ಅಡಕೆ ಬೆಳೆಯುವ ಊರಿನವರು ಎಲೆ ಜಗಿದದ್ದಕ್ಕೆ ತಪ್ಪಿತಸ್ಥರಾಗಬಹುದು ಎಂದು ನಮ್ಮಲ್ಲಿ ಯಾರು ಕನಸು ಕಂಡಿದ್ದರು?

ಬಂದ ಮೇಲೆ? ರೂಮಿನ ಜಗಳದಲ್ಲಿ ವಾಟ್ಸಾಪಿನಲ್ಲಿ ಬೈದು ಕಳುಹಿಸಿದ ಧ್ವನಿ ಸಂದೇಶ ಸಾಕು, ಸೈಬರ್ ಕಾನೂನಿನಡಿ ಪ್ರಕರಣವಾಗುತ್ತದೆ. ಅಪಘಾತವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿಗೆ ಕಳುಹಿಸಿದರೂ ಆಗುತ್ತದೆ. ಚೆಕ್ ಬೌನ್ಸ್ ಆದರೆ ನೇರ ಜೈಲು ಎಂಬುದು 2022ರ ಜನವರಿಯಿಂದ ಬಹಳಷ್ಟು ಸಡಿಲವಾಗಿದೆ, ಹಣವಿಲ್ಲದೆ ಹಿಂತಿರುಗಿದ ಚೆಕ್ಕು ಈಗ ಹೆಚ್ಚಾಗಿ ವಸೂಲಿ ಪ್ರಕರಣ. ಆದರೆ ಪ್ರಯಾಣ ನಿಷೇಧ ಬೀಳಬಹುದು. ಊರಿಗೆ ಓಡಿಬಂದರೆ ಮುಗಿಯಿತು ಎಂಬ ಕಾಲವೂ ಹೋಯಿತು. 2020ರ ಜನವರಿಯಿಂದ ಇಲ್ಲಿನ ನ್ಯಾಯಾಲಯಗಳ ಸಿವಿಲ್ ತೀರ್ಪನ್ನು ನಮ್ಮ ಜಿಲ್ಲಾ ನ್ಯಾಯಾಲಯದ ಮೂಲಕವೇ ಜಾರಿ ಮಾಡಿಸಬಹುದು.

ಇನ್ನು ನಿಜವಾದ ಕಳ್ಳತನದ ಮಾತು. ಅದು ಬೀದಿಯಲ್ಲಿ ನಡೆಯುವುದಿಲ್ಲ, ರೂಮಿನಲ್ಲಿ ನಡೆಯುತ್ತದೆ. ಬೆಡ್ ಸ್ಪೇಸಿನಲ್ಲಿ ಎಂಟು ಜನ ಮಲಗುವ ಕೋಣೆ, ಅದರಲ್ಲಿ ಊರಿನವರೇ ಸೇರಿ ಹಾಕುವ ಕುರಿ, ಅಂದರೆ ಚೀಟಿ ಫಂಡು. ಕುರಿಯ ಮುಖ್ಯಸ್ಥ ಒಂದು ದಿನ ಫೋನ್ ತೆಗೆಯುವುದಿಲ್ಲ. ದೂರು ಎಲ್ಲಿ ಕೊಡುತ್ತೀರಿ? ಪರವಾನಗಿ ಇಲ್ಲದ ಕುರಿಯೇ ಇಲ್ಲಿ ಕಾನೂನಿಗೆ ವಿರುದ್ಧ. ಬಡ್ಡಿಗೆ ಕೊಡುವವರೂ ನಮ್ಮವರೇ, ಅಡವಿಡಿಸಿಕೊಳ್ಳುವುದು ಪಾಸ್‌ಪೋರ್ಟ್. ಹಾಗೆ ಇಟ್ಟುಕೊಳ್ಳುವುದೂ ಕಾನೂನುಬಾಹಿರ, ಮಾಲೀಕ ಇಟ್ಟುಕೊಂಡರೂ ಅಷ್ಟೇ. ಆದರೆ ವೀಸಾ ಅವಧಿ ಮೀರಿದವನು ಯಾವ ಮುಖ ಹೊತ್ತು ಠಾಣೆಗೆ ಹೋಗುತ್ತಾನೆ? ಈ ಪ್ರಕರಣಗಳು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಅಬುಧಾಬಿಯ ಅಂಕ ಕಡಿಮೆಯಾಗುವುದೂ ಇಲ್ಲ.


ಉಪ್ಪಳದವನು, ಅಜ್ಮಾನ್

ಇಷ್ಟು ಹೆದರಿಸಬೇಡಿ ಮಾರಾಯರೇ. ಕಾನೂನು ಪಾಲಿಸಿದವನಿಗೆ ಏನೂ ಆಗುವುದಿಲ್ಲ. ಗಸಗಸೆ ತರಬೇಡಿ ಎಂದರೆ ತರಬಾರದು, ಅಷ್ಟೇ.


ನೀರ್ಚಾಲಿನವ, ದುಬೈ

ಪಾಲಿಸಬೇಕಾದರೆ ತಿಳಿದಿರಬೇಕಲ್ಲ? ನಿಮಗೆ ಸ್ವಂತ ಫ್ಲಾಟ್, ಕುಟುಂಬ ವೀಸಾ, ಅರೇಬಿಕ್ ಮಾತು ಇದೆ. ಸಂಬಳ ಬಾರದೆ ಇನ್ನೊಂದು ಕಡೆ ಕೆಲಸಕ್ಕೆ ಹೋದವನ ಮೇಲೆ ಮಾಲೀಕ ‘ಓಡಿಹೋಗಿದ್ದಾನೆ’ ಎಂದು ವರದಿ ಕೊಟ್ಟರೆ, ಮೊದಲ ಆರೋಪಿ ಅವನೇ ಆಗುತ್ತಾನೆ. ನೀವೂ ಅವನೂ ಒಂದೇ ಬೀದಿಯಲ್ಲಿ ನಡೆಯುತ್ತೀರಿ. ಪೊಲೀಸ್ ಕಾರು ಕಂಡರೆ ನಿಮಗೆ ನೆಮ್ಮದಿ, ಅವನಿಗೆ ನಡುಕ.


ಉಪ್ಪಳದವನು, ಅಜ್ಮಾನ್

ಅದು ಒಪ್ಪುವ ಮಾತು. ಆದರೂ ಈ ತಾಯಿ ಕೇಳಿದ್ದು ನರ್ಸ್ ಬಗ್ಗೆ.


ಕುಂಬಳೆಯ ನರ್ಸ್, ಕುವೈತ್

ನರ್ಸ್ ಬಗ್ಗೆ ನಾನು ಹೇಳುತ್ತೇನೆ. ಆಸ್ಪತ್ರೆಯ ಬಸ್ಸು ಕರೆದೊಯ್ಯುತ್ತದೆ, ಬಿಡುತ್ತದೆ. ರಾತ್ರಿ ಪಾಳಿಯಲ್ಲಿ ನನಗೆ ಬೀದಿಯ ಭಯ ಆದದ್ದಿಲ್ಲ. ಟ್ಯಾಕ್ಸಿಯಲ್ಲಿ ಒಬ್ಬಳೇ ಹೋಗುವಾಗ ಆಗಿದೆ, ಹಾಗಾಗಿ ಗುರುತಿನ ಚಾಲಕರನ್ನೇ ಕರೆಯುತ್ತೇವೆ. ಕುಂಬಳೆ ಪೇಟೆಯಲ್ಲಿ ಸಂಜೆ ಬಸ್ಸಿಗೆ ಕಾಯುವಾಗ ಬೀಳುವ ಕಣ್ಣುಗಳಿಗೆ ಹೋಲಿಸಿದರೆ ಇಲ್ಲಿ ಹಾಯಾಗಿದ್ದೇನೆ ಎಂದರೆ ಊರಿನವರಿಗೆ ಕೋಪ ಬರಬಹುದು, ಬರಲಿ.

ಆದರೆ ಮನೆಗೆಲಸಕ್ಕೆ ಬಂದ ಹೆಂಗಸರ ಸ್ಥಿತಿ ನನ್ನದಲ್ಲ. ಅವರಿಗೆ ಅಪಾಯ ಇರುವುದು ಬಾಗಿಲಿನ ಒಳಗೆ. ಆಸ್ಪತ್ರೆಗೆ ‘ಮೆಟ್ಟಿಲಿನಿಂದ ಬಿದ್ದಳು’ ಎಂದು ಕರೆತರುತ್ತಾರೆ, ಜೊತೆಯಲ್ಲಿ ಮನೆಯೊಡತಿಯೇ ನಿಂತಿರುತ್ತಾಳೆ, ಗಾಯ ಬೇರೆಯೇ ಕಥೆ ಹೇಳುತ್ತಿರುತ್ತದೆ. ಇದಕ್ಕಾಗಿಯೇ ಭಾರತ ಸರ್ಕಾರ, ವಲಸೆ ಅನುಮತಿ ಬೇಕಾದ 18 ದೇಶಗಳಿಗೆ 30 ವರ್ಷ ತುಂಬದ ಹೆಂಗಸರನ್ನು ಮನೆಗೆಲಸಕ್ಕೆ ಕಳುಹಿಸಬಾರದು, ಕಳುಹಿಸಿದರೂ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಎಂದು ನಿಯಮ ಮಾಡಿದೆ. ಏಜೆಂಟರು ಏನು ಮಾಡುತ್ತಾರೆ? ಸಂದರ್ಶಕ ವೀಸಾದಲ್ಲಿ ದುಬೈಗೆ ಇಳಿಸಿ ಅಲ್ಲಿಂದ ಬೇರೆ ದೇಶಕ್ಕೆ ದಾಟಿಸುತ್ತಾರೆ. ದಾಖಲೆಯಲ್ಲಿ ಅವಳು ಪ್ರವಾಸಿ. ಪ್ರವಾಸಿಗೆ ಕಾರ್ಮಿಕ ಹಕ್ಕು ಎಲ್ಲಿಯದು?

ಇನ್ನೊಂದು ಮಾತು. 2024ರ ಜೂನ್ 12ರಂದು ಇಲ್ಲಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ಬಹುಪಾಲು ಭಾರತೀಯರು, ನಮ್ಮ ಕಾಸರಗೋಡು ಜಿಲ್ಲೆಯವರೂ ಇದ್ದರು. ಅವರೆಲ್ಲ ಆ ರಾತ್ರಿ ಕಳ್ಳರ ಭಯವಿಲ್ಲದೆಯೇ ಮಲಗಿದ್ದರು. ಒಂದೇ ಕಟ್ಟಡದಲ್ಲಿ ಅಷ್ಟು ಜನರನ್ನು ತುಂಬಿದ್ದು ಅಪರಾಧವೋ ಅಲ್ಲವೋ? ನನ್ನ ಪ್ರಕಾರ ಅಪರಾಧವೇ. ನಾವು ಅದನ್ನು ದುರಂತ ಎಂದು ಕರೆದು ಮುಗಿಸಿಬಿಡುತ್ತೇವೆ.


ನಿರ್ವಾಹಕರು

ಚರ್ಚೆ ಚೆನ್ನಾಗಿ ಸಾಗಿದೆ. ಒಂದು ವಿನಂತಿ: ಏಜೆಂಟರ, ಕಂಪನಿಗಳ ಹೆಸರು ಹಾಕಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇವೆ. ದೂರು ಇದ್ದವರು ಅನಿವಾಸಿಗಳಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾದ 1800 425 3939ಕ್ಕೆ ಕರೆ ಮಾಡಿ. ಏಜೆಂಟರಿಗೆ ಪರವಾನಗಿ ಇದೆಯೇ ಎಂದು ಕೇಂದ್ರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಪರವಾನಗಿಯ ಸಂಖ್ಯೆ ಕೇಳಿದ ಕೂಡಲೇ ಸಿಟ್ಟಾಗುವ ಏಜೆಂಟರ ಬಗ್ಗೆ ಹೆಚ್ಚು ವಿಚಾರಿಸುವ ಅಗತ್ಯವೇ ಇಲ್ಲ.


ಮಾನ್ಯದ ವಿದ್ಯಾರ್ಥಿ, ಈಗ ಮೆಲ್ಬರ್ನ್

ಐರ್ಲೆಂಡಿನ ಸುದ್ದಿ ಓದುವಾಗ ಇಲ್ಲಿನ ಹಳಬರು ‘ನಮ್ಮ 2009’ ಎನ್ನುತ್ತಾರೆ. ಆ ವರ್ಷ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲು ಸಾಲು ಹಲ್ಲೆಗಳಾದವು, ಮೇ 31ರಂದು ವಿದ್ಯಾರ್ಥಿಗಳು ಫ್ಲಿಂಡರ್ಸ್ ಬೀದಿಯ ನಿಲ್ದಾಣದ ಬಳಿ ರಸ್ತೆಯಲ್ಲೇ ಕುಳಿತುಬಿಟ್ಟರು. ಆ ಬಳಿಕ ಆಸ್ಟ್ರೇಲಿಯಾದ ಅಪರಾಧಶಾಸ್ತ್ರ ಸಂಸ್ಥೆ ಪೊಲೀಸ್ ದಾಖಲೆಗಳನ್ನು ವಿದ್ಯಾರ್ಥಿ ವೀಸಾಗಳೊಂದಿಗೆ ತಾಳೆ ನೋಡಿ 2011ರಲ್ಲಿ ವರದಿ ಕೊಟ್ಟಿತು. ಭಾರತೀಯ ವಿದ್ಯಾರ್ಥಿಗಳ ಮೇಲಿನ ಹಲ್ಲೆಯ ಪ್ರಮಾಣ ಒಟ್ಟಾರೆ ಆಸ್ಟ್ರೇಲಿಯನ್ನರಷ್ಟೇ ಅಥವಾ ಅದಕ್ಕಿಂತ ಕಡಿಮೆ. ಆದರೆ ದರೋಡೆಗೆ ಒಳಗಾಗುವುದು ಹೆಚ್ಚು. ಕಾರಣ ಹುಡುಕಿದರೆ ಪೆಟ್ರೋಲ್ ಬಂಕ್, ತಡರಾತ್ರಿಯ ಅಂಗಡಿ, ಟ್ಯಾಕ್ಸಿ. ಬಾಡಿಗೆ ಕಡಿಮೆ ಇರುವ ದೂರದ ಬಡಾವಣೆಗೆ ಕೊನೆಯ ರೈಲು. ಜನಾಂಗದ್ವೇಷ ಎಷ್ಟು ಎಂಬುದನ್ನು ಆ ದಾಖಲೆಗಳಿಂದ ಹೇಳಲಾಗದು ಎಂದೂ ಅವರೇ ಬರೆದಿದ್ದಾರೆ. ದ್ವೇಷ ಇರಲಿಲ್ಲ ಎಂದು ಅದರ ಅರ್ಥ ಅಲ್ಲ.

ಹಾಗಾಗಿ ದೇಶ ಯಾವುದು ಎಂಬುದಕ್ಕಿಂತ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮನೆ ಎಲ್ಲಿದೆ ಎಂದು ಕೇಳಿ.


ಬೇಕಲದವಳು, ಲೆಸ್ಟರ್

ಬ್ರಿಟನ್ನಿನಲ್ಲಿ ಹೊಡೆತ ತಿಂದವರು ನನ್ನ ಪರಿಚಯದಲ್ಲಿಲ್ಲ, ಚಿನ್ನ ಕಳೆದುಕೊಂಡವರು ಬೇಕಾದಷ್ಟು ಇದ್ದಾರೆ. ಭಾರತೀಯರ ಮನೆಯಲ್ಲಿ ಕರಿಮಣಿ, ಬಳೆ, ಅಜ್ಜಿಯ ಅವಲಕ್ಕಿ ಸರ ಇರುತ್ತವೆ ಎಂದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ಏಷ್ಯಾ ಮೂಲದ ಕುಟುಂಬಗಳಿಂದ ಐದು ವರ್ಷಗಳಲ್ಲಿ ಕದ್ದ ಚಿನ್ನದ ಬೆಲೆ ಸುಮಾರು 14 ಕೋಟಿ ಪೌಂಡ್ ಎಂದು ಬಿಬಿಸಿ 2019ರಲ್ಲಿ ಪೊಲೀಸ್ ಅಂಕಿಅಂಶ ಕಲೆಹಾಕಿ ವರದಿ ಮಾಡಿತ್ತು. ದೀಪಾವಳಿ ಹತ್ತಿರವಾದಾಗ ಪೊಲೀಸರೇ ಎಚ್ಚರಿಕೆಯ ಚೀಟಿ ಹಂಚುತ್ತಾರೆ. ಮದುವೆಗೆ ಹೋಗುವಾಗ ಕಾರಿನಿಂದ ಇಳಿದು ಹಾಕಿಕೊಳ್ಳುತ್ತೇವೆ, ಕಾರು ಹತ್ತುವ ಮುನ್ನ ತೆಗೆದಿಡುತ್ತೇವೆ. ಮದುಮಗಳಿಗಿಂತ ಹೆಚ್ಚಾಗಿ ನಮ್ಮ ನಮ್ಮ ಚೀಲವನ್ನೇ ನೋಡುತ್ತಾ ಕೂರುವ ಮದುವೆಗಳು! ಮಗಳಿಗೆ ಚಿನ್ನ ಕೊಟ್ಟು ಕಳುಹಿಸಬೇಡಿ ಅಮ್ಮ, ಇದು ನನ್ನ ಒಂದೇ ಸಲಹೆ.


ಸೀತಾಂಗೋಳಿ, ಬ್ರಾಂಪ್ಟನ್

ಕೆನಡಾ: ಇಲ್ಲಿ ಹೋಗುವುದು ಕಾರು. ಕೀಲಿಯ ಸಂಕೇತವನ್ನು ಗೋಡೆಯಾಚೆಯಿಂದಲೇ ಹಿಡಿದು ಕಾರು ಚಾಲೂ ಮಾಡುತ್ತಾರೆ. 2024ರಲ್ಲಿ ಟೊರಾಂಟೊದ ಪೊಲೀಸ್ ಅಧಿಕಾರಿಯೊಬ್ಬರು, ಕಳ್ಳರು ಒಳಗೆ ನುಗ್ಗಿ ಹೊಡೆಯದಿರಲು ಕಾರಿನ ಕೀಲಿಯನ್ನು ಬಾಗಿಲ ಬಳಿಯೇ ಇಟ್ಟುಬಿಡಿ ಎಂದು ಸಲಹೆ ಕೊಟ್ಟು ಇಡೀ ದೇಶವನ್ನು ನಗಿಸಿದರು. ವ್ಯಾಪಾರ ಇರುವ ಪಂಜಾಬಿಗಳಿಗೆ ಸುಲಿಗೆಯ ಫೋನ್ ಕರೆ ಬರುತ್ತದೆ. ಸಂಬಳದವರಾದ ನಮಗೆ ಯಾರೂ ಫೋನ್ ಮಾಡುವುದಿಲ್ಲ.


ಎಣ್ಮಕಜೆ ಹುಡುಗ

ಅಮೆರಿಕದವರು ಯಾರೂ ಇಲ್ಲವೇ? 2017ರಲ್ಲಿ ಕಾನ್ಸಾಸ್‌ನ ಬಾರ್‌ನಲ್ಲಿ ತೆಲುಗು ಇಂಜಿನಿಯರನ್ನು ‘ನನ್ನ ದೇಶ ಬಿಟ್ಟು ಹೋಗು’ ಎಂದು ಕೂಗಿ ಗುಂಡಿಕ್ಕಿದರು. 2025ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನ ಮೋಟೆಲಿನಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರನ್ನು ಹೆಂಡತಿ ಮಗನ ಕಣ್ಣೆದುರೇ ಕೊಂದರು.


ಅಡೂರು, ಟೆಕ್ಸಾಸ್

ಇದ್ದೇನೆ. ಓದುತ್ತಿದ್ದೆ, ಬರೆಯುವ ಮನಸ್ಸಿರಲಿಲ್ಲ. ಡಲ್ಲಾಸ್‌ನ ಕೊಲೆ ಜನಾಂಗದ್ವೇಷದ್ದಲ್ಲ, ಕೆಲಸದ ಜಾಗದ ಜಗಳ. ಕಾನ್ಸಾಸ್‌ನದು ದ್ವೇಷದ್ದೇ, ಹಾಗೆಂದು ನ್ಯಾಯಾಲಯವೇ ತೀರ್ಪು ಕೊಟ್ಟಿತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ. ಇಲ್ಲಿ ದಿನನಿತ್ಯ ಭಯ ಪಡುವುದಿಲ್ಲ. ಮಗನ ಶಾಲೆಯಲ್ಲಿ ಬಂದೂಕುಧಾರಿ ಬಂದರೆ ಏನು ಮಾಡಬೇಕೆಂಬ ಕವಾಯತು ನಡೆಯುವ ದಿನ ಪಡುತ್ತೇನೆ.


ಬಂದಡ್ಕದವಳು, ಡಬ್ಲಿನ್

ಪಾಳಿ ಮುಗಿಸಿ ಈಗ ನೋಡಿದೆ. ಬದಿಯಡ್ಕದ ಅಮ್ಮ, ನಿಮಗೆ ನೇರವಾಗಿ ಹೇಳುತ್ತೇನೆ.

2025ರ ಆ ಬೇಸಿಗೆಯಲ್ಲಿ ನಾವು ಹೆದರಿದ್ದು ಹೌದು. ಆಗಸ್ಟಿನಲ್ಲಿ ಫೀನಿಕ್ಸ್ ಪಾರ್ಕ್‌ನಲ್ಲಿ ನಡೆಯಬೇಕಿದ್ದ ಭಾರತ ದಿನಾಚರಣೆಯನ್ನೇ ಮುಂದೂಡಿದರು. ಐರ್ಲೆಂಡಿನ ಅಂದಿನ ಅಧ್ಯಕ್ಷರೇ ಹೇಳಿಕೆ ಹೊರಡಿಸಿ ದಾಳಿಗಳನ್ನು ಖಂಡಿಸಿದರು, ಭಾರತೀಯರು ಈ ದೇಶದ ಆಸ್ಪತ್ರೆಗಳಿಗೆ ಮಾಡಿರುವ ಸೇವೆಯನ್ನೂ ನೆನೆದರು. ಆದರೆ ಕೊನೆಯ ಟ್ರಾಮಿನಲ್ಲಿ ಅಧ್ಯಕ್ಷರ ಹೇಳಿಕೆ ಜೊತೆಗೆ ಕೂತಿರುವುದಿಲ್ಲ.

ತೊಂದರೆ ಕೊಡುವವರು ಯಾರು? ಬಹುಪಾಲು ಹದಿಹರೆಯದ ಹುಡುಗರ ಗುಂಪು. ಮುಖ ಮುಚ್ಚುವ ಟೋಪಿ, ಕೈಯಲ್ಲಿ ವಿದ್ಯುತ್ ಸ್ಕೂಟರ್. ಮೊಟ್ಟೆ ಎಸೆಯುತ್ತಾರೆ, ಕೆಟ್ಟದಾಗಿ ಕೂಗುತ್ತಾರೆ, ಆಹಾರ ತಲುಪಿಸುವ ಹುಡುಗರ ಸೈಕಲ್ ಕಸಿಯುತ್ತಾರೆ. ವಯಸ್ಸು ಚಿಕ್ಕದಾದ್ದರಿಂದ ತಮಗೇನೂ ಆಗುವುದಿಲ್ಲವೆಂದು ಅವರಿಗೆ ಗೊತ್ತು. ಇಲ್ಲಿನ ಪೊಲೀಸರನ್ನು ಗಾರ್ಡಾ ಎನ್ನುತ್ತಾರೆ, ಹೆಚ್ಚಿನವರ ಬಳಿ ಬಂದೂಕು ಇರುವುದಿಲ್ಲ, ಮಾತು ಮೃದು, ಬರುವುದು ತಡ. ಶಾರ್ಜಾದಲ್ಲಿದ್ದು ಬಂದ ನಿಮ್ಮ ಯಜಮಾನರು ಇದನ್ನು ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ.

ಆದರೂ ನಾನು ಇಲ್ಲೇ ಇದ್ದೇನೆ, ಯಾಕೆಂದು ಹೇಳುತ್ತೇನೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಹುಡುಗನೊಬ್ಬ ನನ್ನ ಮೇಲೆ ಉಗುಳಿದ. ಮರುದಿನ ಠಾಣೆಗೆ ಹೋದೆ. ನನ್ನ ವೀಸಾ ಏನು ಎಂದು ಯಾರೂ ಕೇಳಲಿಲ್ಲ. ದೂರು ಬರೆದುಕೊಂಡರು, ಸಂಖ್ಯೆ ಕೊಟ್ಟರು, ಅದು ದ್ವೇಷದಿಂದ ಆದದ್ದು ಎಂದು ನಿಮಗನಿಸಿತೇ ಎಂದು ಕೇಳಿ ಅದನ್ನೂ ಬರೆದರು. 2024ರ ಡಿಸೆಂಬರ್ 31ರಿಂದ ದ್ವೇಷದ ಅಪರಾಧಕ್ಕೆ ಹೆಚ್ಚಿನ ಶಿಕ್ಷೆ ಕೊಡುವ ಕಾನೂನು ಇಲ್ಲಿ ಜಾರಿಯಲ್ಲಿದೆ. ಹುಡುಗ ಸಿಕ್ಕಲಿಲ್ಲ. ಆದರೆ ಆ ಠಾಣೆಯ ಮೆಟ್ಟಿಲಿಳಿಯುವಾಗ ನನ್ನ ಕೆಲಸಕ್ಕೆ, ಪರ್ಮಿಟ್ಟಿಗೆ ಏನಾಗುವುದೋ ಎಂಬ ಯೋಚನೆ ನನ್ನಲ್ಲಿರಲಿಲ್ಲ. ನೀರ್ಚಾಲಿನವರು ಬರೆದದ್ದನ್ನು ಓದಿದ ಮೇಲೆ ಇದರ ಬೆಲೆ ಇನ್ನಷ್ಟು ತಿಳಿಯಿತು. ಕಾಸರಗೋಡಿನ ಕನ್ನಡದವರಾದ ನಮಗೆ ಠಾಣೆಯಲ್ಲಿ ಭಾಷೆ ತಡವರಿಸುವುದು ಏನೆಂದು ಊರಿನಲ್ಲೇ ಅಭ್ಯಾಸವಿದೆ. ದೂರು ಮಲಯಾಳದಲ್ಲಿ ಬರೆದು, ಇಲ್ಲಿ ಸಹಿ ಹಾಕಿ ಎಂದಾಗ ನಮ್ಮ ಅಜ್ಜಂದಿರು ಓದದೆಯೇ ಹಾಕಿದ್ದಾರೆ. ದುಬೈಯಲ್ಲಿ ಅದೇ ಕಾಗದ ಅರೇಬಿಕ್‌ನಲ್ಲಿರುತ್ತದೆ.

ಕೆಲಸಕ್ಕೆ ಬರುವ ಮಾತುಗಳು: ತುರ್ತಿಗೆ 112 ಅಥವಾ 999. ಟ್ರಾಮಿನಲ್ಲಿ ಚಾಲಕನ ಹತ್ತಿರದ ಬೋಗಿ. ಇಬ್ಬರಾದರೂ ಒಟ್ಟಿಗೆ ಪಾಳಿ ಮುಗಿಸುವಂತೆ ಕೇಳಿಕೊಳ್ಳುವುದು, ನಮ್ಮ ವಾರ್ಡಿನಲ್ಲಿ ಮಲಯಾಳಿ, ಫಿಲಿಪ್ಪೀನ್ಸ್ ನರ್ಸುಗಳು ಹೀಗೆಯೇ ಗುಂಪು ಮಾಡಿಕೊಂಡಿದ್ದೇವೆ. ಹೊಸಬರು ಹಣ ಕಳೆದುಕೊಳ್ಳುವುದು ಬೀದಿಯಲ್ಲಲ್ಲ, ಬಾಡಿಗೆ ಮನೆಯ ಜಾಹೀರಾತಿನಲ್ಲಿ. ಡಬ್ಲಿನ್‌ನಲ್ಲಿ ಮನೆಗಳ ಬರ ಎಷ್ಟಿದೆಯೆಂದರೆ, ಮನೆಯ ಚಿತ್ರ ಹಾಕಿ ‘ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳುಹಿಸಿ, ಕೀಲಿ ಅಂಚೆಯಲ್ಲಿ ಬರುತ್ತದೆ’ ಎನ್ನುವ ಮೋಸಗಾರರಿಗೆ ಸುಗ್ಗಿ. ಮನೆಯನ್ನು ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕಳುಹಿಸಬಾರದು. ಊರಿನಿಂದಲೇ ಮನೆ ಗೊತ್ತುಮಾಡಿಕೊಂಡು ಹೊರಡುತ್ತೇನೆ ಎಂಬ ಜಾಣತನ ಬೇಡ.


ಕುಂಬಳೆಯ ನರ್ಸ್, ಕುವೈತ್

ಏಜೆಂಟರ ವಿಷಯ ಸೇರಿಸುತ್ತೇನೆ. 2015ರಿಂದ ನಾವು ನರ್ಸುಗಳು ಗಲ್ಫಿಗೆ ಬರಬೇಕಾದರೆ ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳ ಮೂಲಕ, ಇ-ಮೈಗ್ರೇಟ್ ಅನುಮತಿಯೊಂದಿಗೇ ಬರಬೇಕು. ಐರ್ಲೆಂಡ್ ನಾನು ಹೇಳಿದ ಆ 18 ದೇಶಗಳ ಪಟ್ಟಿಯಲ್ಲಿಲ್ಲ. ಅಂದರೆ ಅಲ್ಲಿಗೆ ಹೋಗುವಾಗ ಮಧ್ಯವರ್ತಿಯನ್ನು ಪರೀಕ್ಷಿಸುವ ಕೆಲಸ ನಿಮ್ಮದೇ.


ಮಂಜೇಶ್ವರದವನು

ಎಲ್ಲರೂ ಅಲ್ಲಿನ ಮಾತೇ ಆಡುತ್ತಿದ್ದೀರಿ. ಇಲ್ಲಿ ಉಳಿದವರ ಕಥೆ? ನಮ್ಮ ಬೈಲಿನಲ್ಲಿ ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಮನೆಗಳಲ್ಲಿ ಅರ್ಧಕ್ಕೆ ಬೀಗ. ಕೇರಳ ಪೊಲೀಸರ ಪೋಲ್ ಆಪ್‌ನಲ್ಲಿ ಬೀಗ ಹಾಕಿದ ಮನೆಯ ಮಾಹಿತಿ ಕೊಟ್ಟರೆ ಹದಿನಾಲ್ಕು ದಿನದವರೆಗೆ ಗಸ್ತು ನೋಡಿಕೊಳ್ಳುತ್ತಾರೆ. ತಿರುಪತಿಗೆ ಹೋದವರಿಗೆ ಅದು ಸಾಕು, ದೋಹಾಕ್ಕೆ ಹೋದವರಿಗೆ?

ಬೀಗವಿಲ್ಲದ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ. ‘ನಿಮ್ಮ ಮಗನ ಹೆಸರಿನಲ್ಲಿ ಬಂದ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂಬ ವೀಡಿಯೊ ಕರೆ ಬರುವುದು ಇಂಥ ಮನೆಗಳಿಗೇ. ಮಗ ಹೊರದೇಶದಲ್ಲಿದ್ದಾನೆ ಎಂಬ ಭಯವೇ ಮೋಸಗಾರರ ಬಂಡವಾಳ. ನೀರ್ಚಾಲಿನವರು ಪಾರ್ಸೆಲಿನ ಬಗ್ಗೆ ಬರೆದದ್ದು ನಿಜವಾದ್ದರಿಂದಲೇ ಈ ಸುಳ್ಳು ನಂಬುವಂತಿರುತ್ತದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕರೆ ಕಡಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ನಮ್ಮ ಅಮ್ಮನ ಫೋನಿನ ಹಿಂದೆಯೇ ಅಂಟಿಸಿದ್ದೇನೆ. ಹಣ ಹೋದ ಕೂಡಲೇ ಆ ಸಂಖ್ಯೆಗೆ ತಿಳಿಸಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಕಷ್ಟ.


ಪೆರ್ಲದ ಕೃಷಿಕ

ನನಗೂ ಅಂಥ ಕರೆ ಬಂದಿತ್ತು. ನನಗೆ ಮಗನೇ ಇಲ್ಲ ಎಂದೆ. ಹಾಗಾದರೆ ಅಳಿಯನ ಹೆಸರಿನಲ್ಲಿ ಎಂದ.


ಮುಳ್ಳೇರಿಯದ ಮೇಷ್ಟರು

ಪೆರ್ಲದವರು ಈ ಚರ್ಚೆಯ ಅತ್ಯುತ್ತಮ ಸಾಲನ್ನು ಬರೆದಿದ್ದಾರೆ.


ಬದಿಯಡ್ಕದ ತಾಯಿ

ಎಲ್ಲರಿಗೂ ಕೃತಜ್ಞತೆ. ಬಂದಡ್ಕದ ಮಗಳ ಉತ್ತರವನ್ನು ಇವರಿಗೆ ಓದಿ ಹೇಳಿದೆ. ಗಾರ್ಡಾದ ಬಳಿ ಬಂದೂಕಿಲ್ಲ ಎಂಬಲ್ಲಿಗೇ ನಿಲ್ಲಿಸಿ ಎದ್ದುಹೋದರು. ಸಂಜೆ ಬಂದು, ಕುರಿಯ ವಿಷಯ ಬರೆದವನು ಯಾರು, ದೇರಾದಲ್ಲಿ ಯಾವ ಬೀದಿ ಎಂದು ಕೇಳಿದರು. ಇವರದೂ ಒಂದು ಕುರಿ ಮುಳುಗಿತ್ತೆಂದು ನನಗೆ ತಿಳಿದದ್ದು ಈಗ. ಮಗಳೇ ಒಂದು ಪ್ರಶ್ನೆ ಕೇಳಬೇಕೆಂದಿದ್ದಾಳೆ, ಕೆಳಗೆ ಬರೆಯುತ್ತಾಳೆ.


ಬದಿಯಡ್ಕದ ತಾಯಿಯ ಖಾತೆಯಿಂದ ಮಗಳು

ಬಂದಡ್ಕದ ಅಕ್ಕ, ನಮಸ್ಕಾರ. ತೊಕ್ಕೊಟ್ಟಿನಲ್ಲಿ ರಾತ್ರಿ ಕೊನೆಯ ಬಸ್ಸಿಗೆ ನಿಂತು ಅಭ್ಯಾಸವಿರುವುದರಿಂದ ಹುಡುಗರ ಕೂಗಾಟಕ್ಕೆ ಹೆದರುವುದಿಲ್ಲ. ನನಗೆ ಬೇಕಾದದ್ದು ಇಷ್ಟು: ಕರಾರಿನಲ್ಲಿ ಮೊದಲ ಕೆಲವು ವಾರ ಆಸ್ಪತ್ರೆಯದೇ ವಸತಿ ಎಂದಿದೆ. ಆ ಬಳಿಕ ನಗರದ ಮಧ್ಯದಲ್ಲಿ ಕೋಣೆ ಹುಡುಕುವುದೋ, ಹೊರವಲಯದಲ್ಲಿ ಕಡಿಮೆ ಬಾಡಿಗೆಗೆ ಹೋಗುವುದೋ? ಪಾಳಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ.


ಬಂದಡ್ಕದವಳು, ಡಬ್ಲಿನ್

ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಬಾಡಿಗೆ ಹೆಚ್ಚಾದರೂ ಸರಿ, ಮೂವರು ಸೇರಿ ಹಂಚಿಕೊಳ್ಳಿ. ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಅದನ್ನು ಮೊದಲೇ ತಿಳಿದಿರು. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯಬೇಡ, ಖಾಸಗಿ ಸಂದೇಶದಲ್ಲಿ ಕಳುಹಿಸು. ನಮ್ಮ ಮನೆಯಲ್ಲಿ ಒಂದು ಕೋಣೆ ಮಾರ್ಚ್‌ನಲ್ಲಿ ಖಾಲಿಯಾಗುತ್ತದೆ. ಬಂದು ನೋಡಿದ ಮೇಲೆ ಮುಂಗಡ ಕೊಟ್ಟರೆ ಸಾಕು.